ಫೋಟೋದಾಗ ಏನದ, ನಿಮ್ಮ ನೆನಪಿನ್ಯಾಗ ಏನದ

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಶಹಾಪುರ ತಾಲೂಕಿನ ಒಂದು ಹಳ್ಳ್ಯಾಗ ಪ್ರೈಮರಿ ಸ್ಕೂಲ್ ಮಾಸ್ತರ್ ಇದ್ದೀನಿ. ಎರಡು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ತಗೊಂಡೆ, ಜೊತಿಗೆ 18-55 ಕಿಟ್ ಲೆನ್ಸ್, ಆಮ್ಯಾಲ ಒಂದು 50 ಎಂಎಂ. ಐತಾರ ಬಂತಂದ್ರ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊಂಟಬಿಡ್ತೀನಿ, ಒಂದು ದಿನಕ್ಕ 300-400 ಫೋಟೋ ಆಗ್ತಾವ. ರಾತ್ರಿ ಕಂಪ್ಯೂಟರ್‌ಗೆ ಹಾಕಿ ನೋಡಿದ್ರ ಎಲ್ಲಾವೂ ಛಲೋ ಅನಸ್ತಾವ, ನಾಕು ದಿನ ಬಿಟ್ಟು ನೋಡಿದ್ರ ಒಂದೂ ಛಲೋ ಇಲ್ಲ ಅನಸ್ತದ. ಇನ್‌ಸ್ಟಾಗ್ರಾಮ್‌ನ್ಯಾಗ ಹಾಕಿದ್ರ ಗೆಳ್ಯಾರು ಸೂಪರ್ ಅಂತಾರ, ಕಾಂಪಿಟಿಷನ್‌ಗೆ ನಾಕು ಸಲ ಕಳಸಿದ್ರ ಒಂದೂ ಸೆಲೆಕ್ಟ್ ಆಗ್ಲಿಲ್ಲ, ಯಾಕ ಆಗ್ಲಿಲ್ಲ ಅಂತ ಯಾರೂ ಹೇಳಂಗಿಲ್ಲ. ನನ್ನ ಫೋಟೋ ಛಲೋ ಅದನೋ ಇಲ್ಲೋ ಅಂತ ನಾನೇ ಹೆಂಗ ತಿಳ್ಕೋಬೇಕು? ದೂರದ್ದು ಹತ್ರ ತರೋ 70-300 ಲೆನ್ಸ್ ತಗೊಂಡ್ರ ಸುಧಾರಣಿ ಆಗ್ತದೇನ್ರಿ? ಹತ್ತು ಫೋಟೋ ಕಳಸೀನಿ, ನನಗ ಛಲೋ ಅನಿಸಿದ್ದು ಮೊದ್ಲ ಇಟ್ಟೀನಿ.

ಉತ್ತರ: ಮಾಸ್ತರ್ರೇ, ನಿಮ್ಮ ಹತ್ತೂ ಫೋಟೋ ನಾ ಮೂರು ಸಲ ನೋಡೀನಿ, ಒಮ್ಮೆ ರಾತ್ರಿ, ಒಮ್ಮೆ ಮರುದಿನ ಮುಂಜಾನಿ ಸ್ಟುಡಿಯೋ ಬಾಗಿಲ ತಗದು ಗಿರಾಕಿ ಬರೋದ್ರೊಳಗ, ಮತ್ತೊಮ್ಮೆ ಒಂದು ವಾರ ಬಿಟ್ಟು. ಲೆನ್ಸಿನ ಮಾತು ಆಮ್ಯಾಲ ಹೇಳ್ತೀನಿ, ಸದ್ಯ ರೊಕ್ಕ ಕಿಸೇದಾಗೇ ಇರ್ಲಿ. ನಿಮ್ಮ ಪ್ರಶ್ನೆದಾಗ ಒಂದು ಸಾಲು ನನಗ ಭಾಳ ಹಿಡಿಸ್ತು, ರಾತ್ರಿ ನೋಡಿದ್ರ ಎಲ್ಲಾ ಛಲೋ ಅನಸ್ತಾವ, ನಾಕು ದಿನ ಬಿಟ್ಟು ನೋಡಿದ್ರ ಒಂದೂ ಇಲ್ಲ ಅಂತ ಬರದೀರಲ್ಲ, ಅದು. ಫೋಟೋ ಅದೇ, ಕಣ್ಣೂ ಅವೇ, ನಾಕು ದಿನದಾಗ ಏನ್ ಬದಲಾಯ್ತು? ಅವತ್ತಿನ ಗಾಳಿ, ಬಿಸಲು, ಮಂದಿ ಮಾತು, ನೀವು ಗುಡ್ಡ ಹತ್ತಿದ್ದ ಏದುಸಿರು, ಇವೆಲ್ಲಾ ರಾತ್ರಿ ಇನ್ನಾ ನಿಮ್ಮ ಮೈಯಾಗ ಇದ್ವು, ಫೋಟೋದಾಗ ಇಲ್ಲದ್ದನ್ನ ಅವು ತುಂಬಿಕೊಡ್ತಿದ್ವು. ನಾಕು ದಿನಕ್ಕ ಅವು ಇಳದು ಹೋದ್ವು, ಬರೇ ಫೋಟೋ ಉಳೀತು. ನಿಮ್ಮ ಕೆಲಸ ನೀವೇ ತೂಗಬೇಕಂದ್ರ ಕಲೀಬೇಕಾದ್ದು ಇದನ್ನೇ, ಫೋಟೋದಾಗ ಏನದ, ನಿಮ್ಮ ನೆನಪಿನ್ಯಾಗ ಏನದ, ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟು ನೋಡೋದು.

ನಿಮ್ಮ ಮೊದಲನೇ ಫೋಟೋನೇ ತಗೋರಿ. ಮೈಲಾಪುರ ಮಲ್ಲಯ್ಯನ ಜಾತ್ರಿದು, ಸಂಕ್ರಾಂತಿ ದಿನದ್ದು. ಅದರ ಕೆಳಗ ನೀವು ಬರದೀರಿ, ನಸುಕಿನ್ಯಾಗ ನಾಕಕ್ಕ ಎದ್ದು ಹೋಗಿದ್ದೆ, ಗುಡ್ಡ ಎಲ್ಲಾ ಬಂಡಾರ, ಏಳಕೋಟಿ ಅಂತ ಕೂಗಿದ್ರ ಮೈ ಜುಮ್ ಅಂತಿತ್ತು ಅಂತ. ಖರೇ ಇರ್ತದ, ನಾನೂ ಆ ಗುಡ್ಡ ಹತ್ತೀನಿ, ಆ ಕೂಗು ಗೊತ್ತದ. ಆದ್ರ ಅಲ್ಲಿ ಹೋಗದೇ ಇದ್ದವರಂಗ ಆ ಫೋಟೋ ನೋಡಿದ್ರ ನನಗ ಕಾಣೋದು ಇಷ್ಟ: ಹತ್ತು-ಹನ್ನೊಂದು ತಲಿಗಳ ಹಿಂಭಾಗ, ನಡುವ ಒಂದು ಹಳದಿ ಮೋಡ, ಎಡಕ್ಕ ಅರ್ಧ ಲೈಟ್ ಕಂಬ, ಕೆಳಗ ಯಾರದೋ ಮೊಬೈಲ್ ಹಿಡದ ಕೈ. ಮುಖ ಒಂದೂ ಇಲ್ಲ. ಬಂಡಾರ ತೂರಿದವ ಯಾರು, ಅದು ಯಾರ ಮ್ಯಾಲ ಬಿತ್ತು, ಬಿದ್ದಾಗ ಅವರು ಕಣ್ಣು ಮುಚ್ಚಿದ್ರೋ ಕೈ ಜೋಡಿಸಿದ್ರೋ, ಏನೂ ಇಲ್ಲ. ಆ ಕೂಗು ನಿಮ್ಮ ಕಿವ್ಯಾಗ ಅದ, ಫೋಟೋದಾಗ ಬಂದಿಲ್ಲ. ನಾಕು ಹೆಜ್ಜಿ ಮುಂದ ಹೋಗಿ ತಿರುಗಿ ನಿಂತಿದ್ರ ಬರ್ತಿತ್ತು, ಯಾಕಂದ್ರ ಮುಖ ಎಲ್ಲಾ ಆ ಕಡಿ ಇದ್ವು.

ಇದು ನನಗ ಹೆಂಗ ತಿಳೀತಂದ್ರ, ನಾನೂ ಪೆಟ್ಟು ತಿಂದೇ ತಿಳ್ಕೊಂಡೀನಿ. ಸ್ಟುಡಿಯೋ ಹಾಕಿ ನಾಕೈದು ವರ್ಷ ಆಗಿತ್ತು, ರೀಲಿನ ಕಾಲ, ಒಂದು ರೋಲ್‌ನ್ಯಾಗ 36 ಫ್ರೇಮ್. ಎಳ್ಳ ಅಮಾಸಿ ದಿನ ನಮ್ಮ ಹೊಲದಾಗ ಅಪ್ಪ ಚರಗ ಚೆಲ್ಲೋದು, ಅಂದ್ರ ಭೂಮಿತಾಯಿಗೆ ನೈವೇದ್ಯ ಅಂತ ಬೆಳಿ ಮ್ಯಾಲ ಅಡಗಿ ತೂರೋದು, ತಗದಿದ್ದೆ. ತೊಗರಿ ಎದಿಮಟ ನಿಂತಿತ್ತು, ಅವ್ವ ಸಜ್ಜಿ ಕಡಬು, ಭಜ್ಜಿ, ಅಂಬಲಿ ಎಲ್ಲಾ ಕಟ್ಟಿಕೊಂಡು ಬಂದಿದ್ಲು, ಅಪ್ಪಗ ಅದು ಕಡೀ ಚರಗ ಆಯ್ತು, ಮುಂದಿನ ವರ್ಷ ಅವ ಇರ್ಲಿಲ್ಲ. ಆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಸ್ಟುಡಿಯೋದಾಗ ಗಿರಾಕಿ ಕೂಡೋ ಜಾಗದ ಎದುರಿಗೇ ತೂಗಿ ಹಾಕಿದ್ದೆ, ನನ್ನ ಕೈಯಿಂದ ಇದಕ್ಕಿಂತ ಛಲೋ ಫೋಟೋ ಬಂದಿಲ್ಲ ಅಂತ ಖರೇನೇ ನಂಬಿದ್ದೆ. ಒಂದಿನ ಆಳಂದ ಕಡೀ ರೈತರೊಬ್ಬರು ಪಾಸ್‌ಪೋರ್ಟ್ ಫೋಟೋಕ್ಕ ಬಂದವರು ಅದನ್ನ ಭಾಳ ಹೊತ್ತು ನೋಡಿ, "ಈ ಯಜಮಾನ ಏನ್ ಮಾಡ್ಲಾಕತ್ಯಾನ್ರಿ, ಹಕ್ಕಿ ಹೊಡಿಲಾಕತ್ಯಾನೇನು?" ಅಂತ ಕೇಳಿದ್ರು. ಅವರೂ ವರ್ಷಾ ಚರಗ ಚೆಲ್ಲೋ ಮನುಷ್ಯಾನೇ, ಅವರಿಗೇ ಗೊತ್ತಾಗ್ಲಿಲ್ಲ. ಆಗ ನಾ ಹತ್ರ ಹೋಗಿ ನೋಡಿದೆ. ಕೈಯಾಗಿನ ಚರಗ ಹಿಂದಿನ ಕರೀ ತೊಗರಿ ಗಿಡದಾಗ ಕಲತು ಕಾಣವಲ್ದು, ಬುಟ್ಟಿ ಫ್ರೇಮಿನ ಹೊರಗ ಉಳದದ, ಮುಖದ ಮ್ಯಾಲ ರುಮಾಲಿನ ನೆಳ್ಳು. ಬರೇ ಎತ್ತಿದ ಒಂದು ಕೈ. ನಾ ಅಷ್ಟು ದಿನ ಅಲ್ಲಿ ನೋಡಿದ್ದು ಅಪ್ಪನ್ನ, ಫೋಟೋನ ನೋಡಿದ್ದೇ ಇಲ್ಲ. ಆ ಫೋಟೋ ಈಗ ಮನ್ಯಾಗ ದೇವರ ಜಗಲಿ ಹತ್ರ ಅದ, ಅಲ್ಲೇ ಇರಬೇಕಾದ್ದು, ಅಂಗಡ್ಯಾಗ ಅಲ್ಲ. ನಿಮಗೂ ಇಂಥವು ಇರ್ತಾವ, ಅವನ್ನ ಒಗಿಬ್ಯಾಡ್ರಿ, ಕಾಂಪಿಟಿಷನ್‌ಗೂ ಕಳಸಬ್ಯಾಡ್ರಿ, ಮನೀ ಫೋಟೋ ಅಂತ ಒಂದು ಬ್ಯಾರೆ ಫೋಲ್ಡರ್ ಮಾಡ್ರಿ.

ಅಮೆರಿಕಾದಾಗ ಗ್ಯಾರಿ ವಿನೋಗ್ರ್ಯಾಂಡ್ ಅಂತ ಒಬ್ಬ ದೊಡ್ಡ ಫೋಟೋಗ್ರಾಫರ್ ಇದ್ದ, ಓಣಿ, ರಸ್ತಾ, ಮಂದಿ ಇವನ್ನೇ ತಗಿಯೋನು. ಅವ ರೀಲು ಮುಗದ ಕೂಡ್ಲೇ ತೊಳಸ್ತಿರ್ಲಿಲ್ಲ, ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಂಗೇ ಇಡ್ತಿದ್ದ, ಆ ದಿನದ ಖುಷಿ-ಬೇಜಾರು ಮರತು ಹೋದ ಮ್ಯಾಲೇ ಆರಸ್ಲಾಕ ಕೂಡ್ತಿದ್ದ. 1984ರಾಗ ಅವ ತೀರಿಕೊಂಡಾಗ ತೊಳಸದೇ ಉಳದಿದ್ದ ರೋಲು ಸುಮಾರು 2,500 ಇದ್ವು, ಅಷ್ಟು ತಡಾ ಮಾಡೋದು ನಿಮಗೂ ಬ್ಯಾಡ ನನಗೂ ಬ್ಯಾಡ. ಆದ್ರ ಒಳಗಿನ ವಿಚಾರ ಖರೇ ಅದ. ನಾ ಏನ್ ಮಾಡ್ತೀನಂದ್ರ, ನನ್ನ ಸ್ವಂತದ ಫೋಟೋ ಇದ್ರ ಅವತ್ತೇ ಕಂಪ್ಯೂಟರ್‌ಗೆ ಹಾಕಿ ಬ್ಯಾಕಪ್ ತಗೊಂಡು ಮುಚ್ಚಿಬಿಡ್ತೀನಿ, ಮೂರು ವಾರ ತಗಿಯಂಗಿಲ್ಲ. ಮದುವಿ ಕೆಲಸದಾಗ ಇದು ಆಗಂಗಿಲ್ಲ ಬಿಡ್ರಿ, ಅವ್ರು ಮರುದಿನಾನೇ ಫೋನ್ ಮಾಡ್ತಾರ. ನೀವು ಐತಾರದ ಫೋಟೋಗ್ರಾಫರ್, ನಿಮಗ ಯಾರೂ ಗಡಿಬಿಡಿ ಮಾಡಂಗಿಲ್ಲ, ಈ ವಾರ ತಗದದ್ದನ್ನ ಬಿಟ್ಟು ಮೂರು ವಾರದ ಹಿಂದಿನದನ್ನ ಕುಂತು ನೋಡ್ರಿ.

ಅದರ ಜೊತಿಗೆ ಇನ್ನೊಂದು ಕೆಲಸ, ಇದನ್ನ ದಯಮಾಡಿ ಬಿಡಬ್ಯಾಡ್ರಿ. ಕಿಸೇದಾಗ ಒಂದು ಸಣ್ಣ ನೋಟ್‌ಬುಕ್ ಇಟ್ಕೋರಿ, ಫೋಟೋ ತಗದ ಮ್ಯಾಲ ಅಲ್ಲೇ ನಿಂತು ಒಂದು ಸಾಲು ಬರೀರಿ, ಯಾಕ ಒತ್ತಿದೆ ಅಂತ. "ಮುದುಕಿ ಬೆರಳು ಹಿಟ್ಟಿನ್ಯಾಗ ಮುಳುಗಿದ್ವು." "ಎರಡು ಹುಡುಗುರು ಒಂದೇ ಛತ್ರಿ, ಒಬ್ಬನ ಹೆಗಲು ಹೊರಗ." ಇಷ್ಟು ಸಾಕು. ಮೂರು ವಾರದ ಮ್ಯಾಲ ಫೋಟೋ ತಗದು ಈ ಸಾಲು ಓದ್ರಿ, ಬರದದ್ದು ಫೋಟೋದಾಗ ಕಾಣ್ತದೇನು, ಒಮ್ಮಿಗೇ ಕಣ್ಣಿಗೆ ಬೀಳ್ತದೇನು, ಹುಡುಕಬೇಕಾಗ್ತದೇನು ನೋಡ್ರಿ. ಬೆರಳಿನ ಸಲುವಾಗಿ ಒತ್ತಿದ್ದು ಅಂತ ಬರದೀರಿ, ಫೋಟೋದಾಗ ಮುದುಕಿ, ಒಲಿ, ಸಿಲಿಂಡರ್, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್, ಬಾಗಿಲಾಗ ನಿಂತ ನಾಯಿ ಎಲ್ಲಾ ಅವ, ಬೆರಳು ಮಾತ್ರ ಗುಂಡುಸೂಜಿಯಷ್ಟು. ಅಂದ್ರ ತಪ್ಪು ಎಲ್ಲಿ ಆಯ್ತಂತ ನಿಮಗ ನೀವೇ ಹೇಳಿಕೊಂಡಂಗಾಯ್ತು, ಮುಂದಿನ ಸಲ ಮೂರು ಫೂಟು ಹತ್ರ ಹೋಗ್ತೀರಿ, ನನ್ನ ಕೇಳೋದು ಬೇಕಾಗಂಗಿಲ್ಲ. ಬರಿಲಾಕ ಏನೂ ಹೊಳೀಲಿಲ್ಲ ಅಂದ್ರ ಅದೂ ಒಂದು ಉತ್ತರನೇ, ಸುಮ್ನ ಎಲ್ಲಾರೂ ತಗಿತಾರ ಅಂತ ತಗದೀರಿ. ನಿಮ್ಮ ಎರಡನೇ ಫೋಟೋ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಅದರ ಮ್ಯಾಲ ಕರೆಂಟ್ ತಂತಿ ಹಾದು ಹೋಗ್ಯದ, ನನಗ ಅದು ಹಂಗ ತಗದದ್ದು ಅನಸ್ತು, ತಪ್ಪು ತಿಳ್ಕೋಬ್ಯಾಡ್ರಿ.

ಮಂದಿಗೆ ತೋರಿಸೋದು ಹೆಂಗ ಅನ್ನೋದೂ ಹೇಳಬೇಕು. ಹೆಂಗದ ಅಂತ ಕೇಳಿದ್ರ ಸೂಪರ್ ಅಂತಲೇ ಅಂತಾರ, ಮಾಸ್ತರ್ರು ತಗದದ್ದಕ್ಕ ಮತ್ತೇನ್ ಅನಬೇಕು. ಹಂಗ ಕೇಳಬ್ಯಾಡ್ರಿ. ಇದರಾಗ ಏನ್ ಕಾಣ್ತದ ಅಂತ ಕೇಳ್ರಿ, ಕೇಳಿ ಸುಮ್ನ ಕೂಡ್ರಿ, ಅದು ಅಲ್ಲಿದು, ಅವತ್ತು ಹಿಂಗಾಗಿತ್ತು ಅಂತ ಒಂದು ಮಾತೂ ಆಡಬ್ಯಾಡ್ರಿ. ನಿಮ್ಮ ಹತ್ರ ಇದಕ್ಕ ನನ್ನ ಹತ್ರ ಇಲ್ಲದ ಸಾಮಾನದ, ನಿಮ್ಮ ಕ್ಲಾಸಿನ ಹುಡುಗುರು. ಐದನೇತ್ತ ಹುಡುಗುರಿಗೆ ಒಂದು ಪ್ರಿಂಟ್ ಕೊಟ್ಟು ಇದರಾಗ ಏನೇನದ ಹೇಳ್ರಿ ಅನ್ನಿ, ಅವ್ರು ಮುಲಾಜು ಇಟ್ಕೊಳಂಗಿಲ್ಲ, ಮೊದ್ಲ ಏನ್ ಕಣ್ಣಿಗೆ ಬಿತ್ತೋ ಅದನ್ನೇ ಹೇಳ್ತಾರ. ನಿಮ್ಮ ಆರನೇ ಫೋಟೋದಾಗ, ಗುಡಿ ಕಟ್ಟಿ ಮ್ಯಾಲ ಕುಂತ ಅಜ್ಜನ ಹಿಂದ, ಕೆಂಪು ಪ್ಲಾಸ್ಟಿಕ್ ಕೊಡ ಅದ ನೋಡ್ರಿ, ಹತ್ತು ಹುಡುಗುರಾಗ ಎಂಟು ಮಂದಿ ಮೊದ್ಲ ಕೊಡ ಅಂತಾರ. ಆ ಕೊಡ ನಿಮಗ ಕಂಡೇ ಇರಂಗಿಲ್ಲ, ನೀವು ಅಜ್ಜನ ಸಂಗಟ ಮಾತಾಡ್ಕೋತ ಇದ್ರಿ.

ಬೆಳಕಿನ ಮಾತು. ನಿಮ್ಮ ಮೂರು ಮತ್ತ ಐದನೇ ಫೋಟೋ ಎರಡೂ ಮೇ ತಿಂಗಳಾಗ ಮಧ್ಯಾಹ್ನ ತಗದದ್ದು ಅಂತ ನೀವು ಬರೀದಿದ್ರೂ ಗೊತ್ತಾಗ್ತದ, ಕೊಡ ಹೊತ್ತ ಹೆಣ್ಮಕ್ಕಳ ಕಣ್ಣಿದ್ದಲ್ಲಿ ಕರೀ ಗುಂಡಿ ಬಿದ್ದಾವ. ನಮ್ಮ ಕಡಿ ಅಕ್ಷಾಂಶ 17 ಡಿಗ್ರಿ ಆಜೂಬಾಜು, ಹಿಂಗಾಗಿ ಮೇ ಮೊದಲ ಹದಿನೈದು ದಿನದಾಗ ಒಂದು ದಿನ ಸೂರ್ಯ ಮಧ್ಯಾಹ್ನ ಸೀದಾ ನೆತ್ತಿ ಮ್ಯಾಲ ಬರ್ತಾನ, ನೆಟ್ಟ ಕೋಲಿಗೂ ನೆಳ್ಳು ಇರಂಗಿಲ್ಲ, ಹುಡುಗುರಿಗೆ ಈ ಪಾಠ ನೀವೇ ಮಾಡಿರ್ತೀರಿ. ಆ ಬೆಳಕು ಹಣಿ, ಮೂಗು, ಕೆನ್ನಿ ಮ್ಯಾಲ ಬಿದ್ದು ಕಣ್ಣಿಗೆ ಬರೇ ನೆಳ್ಳು ಬಿಡ್ತದ. ಎಂಥಾ ಕ್ಯಾಮೆರಾ ತಂದ್ರೂ ಅಷ್ಟೇ. ಬ್ಯಾಸಗಿ ಮಧ್ಯಾಹ್ನ ಫೋಟೋ ತಗಿಬಾರ್ದು ಅಂತಲ್ಲ, ಮನಿ ಬಾಗಿಲಿಗೆ ಬರ್ರಿ. ನಮ್ಮ ಹಳೀ ಮನಿಗಳಾಗ ಬಾಗಿಲು ಸಣ್ಣದು, ಒಳಗ ಕತ್ತಲು, ಹೊರಗ ಅಂಗಳದಾಗ ಹಾಸಿದ ಫರಶಿ ಕಲ್ಲು ಬಿಸಲಿಗೆ ಹೊಳಿತಿರ್ತದ, ಆ ಕಲ್ಲಿಗೆ ಬಡದ ಬೆಳಕು ಪುಟದು ಬಾಗಿಲಾಗಿಂದ ಒಳಗ ಬರ್ತದ. ಹೊಸ್ತಿಲದಿಂದ ಎರಡು-ಮೂರು ಫೂಟು ಒಳಗ ಮನುಷ್ಯರನ್ನ ಕೂಡಿಸಿ ನೀವು ಬಾಗಿಲ ಬಾಜೂಕ ನಿಂದ್ರಿ, ಮುಖದ ಒಂದು ಕಡಿ ಬೆಳಕು, ಇನ್ನೊಂದು ಕಡಿ ನಿಧಾನಕ್ಕ ಕತ್ತಲಾಗ ಸೇರ್ತದ, ಮುಖದ ಗೆರಿ ಗೆರಿನೂ ಕಾಣ್ತಾವ. ಸ್ಟುಡಿಯೋದಾಗ ಸಾಫ್ಟ್‌ಬಾಕ್ಸ್ (ಲೈಟಿಗೆ ಬಿಳೀ ಬಟ್ಟಿ ಮುಚ್ಚಿದ ಡಬ್ಬಿ) ಹಚ್ಚಿ ನಾವು ಮಾಡೋದು ಇದನ್ನೇ. ನಿಮ್ಮ ರೊಟ್ಟಿ ಬಡಿಯೋ ಅಜ್ಜಿ ಫೋಟೋದಾಗ ಆ ಬೆಳಕು ಅರ್ಧ ಬಂದದ, ನೀವು ಬಾಗಿಲಿಗೆ ಅಡ್ಡ ನಿಂತೀರಿ ಅನಸ್ತದ, ನಿಮ್ಮ ನೆಳ್ಳೇ ಪರಾತದ ಮ್ಯಾಲ ಬಿದ್ದದ.

ಇನ್ನ ಎಕ್ಸ್‌ಪೋಶರ್, ಅಂದ್ರ ಕ್ಯಾಮೆರಾದೊಳಗ ಎಷ್ಟು ಬೆಳಕು ಬಿಡಬೇಕು ಅನ್ನೋದು. ಇದನ್ನ ನಾ ಬೀದರ್‌ನ್ಯಾಗ ಕಲತೆ, ಬಿದ್ರಿ ಸಾಮಾನಿನ ಫೋಟೋ ತಗಿಯೋ ಕೆಲಸ ಬಂದಿತ್ತು. ಬಿದ್ರಿ ಅಂದ್ರ ಜಿಂಕು ಹೆಚ್ಚು, ತಾಮ್ರ ಕಮ್ಮಿ, ಹದಿನಾರಕ್ಕ ಒಂದು ಅಂತಾರ, ಅದರಾಗ ಚಾಣದಿಂದ ಗೆರಿ ಕೊರದು ಬೆಳ್ಳಿ ತಂತಿ ಕೂಡಿಸಿ, ಕೋಟಿ ಒಳಗಿನ ಮಣ್ಣು ನವಸಾಗರ ಕೂಡಿಸಿ ಕುದಿಸಿದ ನೀರಾಗ ತಿಕ್ಕಿದ್ರ ಲೋಹ ಕುಚ್ಚ ಕರ್ರಗಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ನಾ ತಗದ ಮೊದಲನೇ ಹೂಜಿ ಫೋಟೋದಾಗ ಅದು ಬೂದಿ ಬಡದಂಗ ಬಂತು, ಬೆಳ್ಳಿ ಹೂವಿನ ಗೆರಿ ಎಲ್ಲಾ ಸುಟ್ಟು ಬಿಳೀ ಕಲಿ ಆಗಿದ್ವು. ಕುಶಲಕರ್ಮಿ ಅದನ್ನ ಸ್ಕ್ರೀನ್ ಮ್ಯಾಲ ನೋಡಿ ಏನೂ ಅನ್ಲಿಲ್ಲ, ಹೂಜಿ ಎತ್ತಿ ಸ್ಕ್ರೀನ್ ಬಾಜೂಕ ಹಿಡದ್ರು, ಅಷ್ಟ. ಆಗಿದ್ದೇನಂದ್ರ, ಕ್ಯಾಮೆರಾದ ಮೀಟರ್‌ಗೆ ಕರೀದು ಯಾವುದು ಬಿಳೀದು ಯಾವುದು ಗೊತ್ತಿಲ್ಲ, ಎದುರಿಗಿರೋದೆಲ್ಲಾ ಸೇರಿ ನಡುವಿನ ಬೂದಿ ಬಣ್ಣ, 18 ಪರ್ಸೆಂಟ್ ಬೆಳಕು ವಾಪಸ್ ಕೊಡೋ ಬೂದಿ ಅಂತ ತಿಳ್ಕೊಂಡು ಲೆಕ್ಕ ಮಾಡ್ತದ. ಕರೀ ಸಾಮಾನ ತುಂಬ ಇದ್ರ ಕತ್ತಲದ ಅಂತ ಹೆಚ್ಚು ಬೆಳಕು ತಗೋತದ, ಬಿಳೀ ಧೋತರ, ಸುಣ್ಣ ಹಚ್ಚಿದ ಗ್ವಾಡಿ ಇದ್ರ ಹೆಚ್ಚಾಯ್ತು ಅಂತ ಕಮ್ಮಿ ತಗೋತದ. ಎಕ್ಸ್‌ಪೋಶರ್ ಕಾಂಪನ್‌ಸೇಶನ್ (ಮೀಟರ್ ಹೇಳಿದ ಬೆಳಕನ್ನ ನಾವೇ ಹೆಚ್ಚು-ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ ಒಂದು, ಒಂದೂ ಕಾಲಿನ ಹತ್ರ ಇಟ್ಟೆ, ಕರೀದು ಕರೀದಾಗಿ ನಿಂತಿತು. ಬೆಳ್ಳಿದು ಇನ್ನೊಂದು ತಕರಾರು, ಬೆಳ್ಳಿ ಕನ್ನಡಿ ಇದ್ದಂಗ, ಎದುರಿಗೆ ಏನಿರ್ತದೋ ಅದನ್ನೇ ತೋರಸ್ತದ, ನನ್ನ ಅಂಗಿ ಬಣ್ಣ, ಟ್ಯೂಬ್‌ಲೈಟ್ ಎಲ್ಲಾ ಅದರಾಗ ಬಂದಿತ್ತು. ಒಂದು ಬಿಳೀ ಚಾದರ ತಗೊಂಡು ಕಿಟಕಿಗೆ ಕಟ್ಟಿ ಹೂಜಿ ಅದರ ಬಾಜೂಕ ಇಟ್ಟೆ, ಬೆಳ್ಳಿ ಚಾದರದ ಬಿಳುಪು ಹಿಡೀತು, ಒಂದೊಂದು ತಂತಿ ಎಣಿಸೋ ಹಂಗ ಬಂತು. ಆ ಕುಶಲಕರ್ಮಿ ಅವಾಗ ತಲಿ ಅಲ್ಲಾಡಿಸಿದ್ರು.

ನೀವು ಬೆಳ್ಳಕ್ಕಿ ತಗದ ಬೋನಾಳ ಕೆರಿ ಫೋಟೋದಾಗೂ ಇದೇ ಆಗ್ಯದ, ಹಿಂದ ಕರೀ ನೀರು, ನಡುವ ಸಣ್ಣ ಬಿಳೀ ಹಕ್ಕಿ, ಕ್ಯಾಮೆರಾ ನೀರಿನ ಮಾತು ಕೇಳಿ ಹಕ್ಕಿ ರೆಕ್ಕಿ ಎಲ್ಲಾ ಸುಟ್ಟದ, ಗರಿ ಒಂದೂ ಇಲ್ಲ. ಹಿಸ್ಟೋಗ್ರಾಮ್, ಅಂದ್ರ ಫೋಟೋದಾಗ ಎಡಕ್ಕ ಕತ್ತಲು ಬಲಕ್ಕ ಬೆಳಕು ಎಷ್ಟೆಷ್ಟದ ಅಂತ ತೋರಿಸೋ ಗ್ರಾಫ್, ನೋಡೋದು ರೂಢಿ ಮಾಡ್ಕೋರಿ, ಬಲಗಡಿ ಗ್ವಾಡಿಗೆ ಹತ್ತಿ ನಿಂತಿದ್ರ ಬಿಳೀದು ಹೋಯ್ತಂತ ತಿಳೀರಿ. ಹಕ್ಕಿ ಹಿಂಗ ಸಣ್ಣದಾಗಿ, ಹಿಂದಿನದು ಕತ್ತಲಾಗಿ ಇದ್ದಾಗ ಗ್ರಾಫಿನ್ಯಾಗ ಆ ಬಿಳೀದು ತುದಿಗೆ ಒಂದು ಕೂದಲ ಗೆರಿಯಷ್ಟ ಕಾಣ್ತದ, ಕಣ್ಣು ತಪ್ಪತದ, ಅದಕ್ಕ ಹೈಲೈಟ್ ಅಲರ್ಟ್ ನೋಡ್ಕೋರಿ, ಸುಟ್ಟ ಜಾಗ ಮಿಣುಕು ಮಿಣುಕು ಅಂತದ.

ಲೆನ್ಸಿಗೆ ಬಂದೆ. ಹಕ್ಕಿ ತಗಿಯೋದೇ ನಿಮ್ಮ ಮನಸ್ಸಿದ್ರ ಕಿಟ್ ಲೆನ್ಸ್ ಸಾಲಂಗಿಲ್ಲ, ಅದು ಖರೇ, 300 ಸಹಿತ ಕಮ್ಮೀನೇ ಬೀಳ್ತದ. ಆದ್ರ ನೀವು ಕಳಸಿದ ಹತ್ತರಾಗ ಹಕ್ಕಿ ಒಂದೇ, ಎಂಟರಾಗ ಮನುಷ್ಯರದಾರ. ಒಂದು ಕೆಲಸ ಮಾಡ್ರಿ, ಹೋದ ವರ್ಷ ನೀವೇ ಆರಿಸಿಟ್ಟ ಫೋಟೋಗಳ ಡೀಟೇಲ್ಸ್ ತಗದು ನೋಡ್ರಿ, ಪ್ರತಿ ಫೋಟೋದಾಗ ಎಷ್ಟು ಎಂಎಂ ಅಂತ ಬರದಿರ್ತದ, ಬೆರಳು ಮಡಚಿ ಎಣಿಸ್ರಿ. ಹೆಚ್ಚಿನವು 55ಕ್ಕೇ, ಅಂದ್ರ ಕಿಟ್ ಲೆನ್ಸಿನ ಕಡೀ ಜೂಮಿಗೇ, ಬಂದು ನಿಂತಿದ್ರ ಮುಂದಿನ ಪ್ರಶ್ನೆ, ಹತ್ರ ಹೋಗ್ಲಾಕ ಜಾಗ ಇರ್ಲಿಲ್ಲೋ, ಸಂಕೋಚ ಆಯ್ತೋ? ಜಾಗ ಇರ್ಲಿಲ್ಲಂದ್ರ ಲೆನ್ಸ್ ತಗೋರಿ. ಸಂಕೋಚ ಇದ್ರ ಲೆನ್ಸ್ ತಗೊಂಡ್ರ ಅದು ಇನ್ನಾ ಹೆಚ್ಚಾಗ್ತದ, ದೂರ ನಿಂತು ತಗಿಯೋದೇ ರೂಢಿ ಆಗ್ತದ. ನಿಮ್ಮ ಫೋಟೋಗಳಾಗ ನಿಮ್ಮ ಊರ ಮಂದಿ ಕ್ಯಾಮೆರಾಕ್ಕ ಹೆದರಿದಂಗಿಲ್ಲ, ನಿಮ್ಮನ್ನ ನೋಡಿ ನಗ್ಲಾಕತ್ಯಾರ, ಆ ಪರಿಚಯ ನನ್ನಂಥವ ಕಾರು ತಗೊಂಡು ಬಂದ್ರ ಸಿಗಂಗಿಲ್ಲ. 50 ಎಂಎಂ ಹಾಕ್ಕೊಂಡು ಒಂದು ವರ್ಷ ಇರ್ರಿ.

ಮತ್ತ ಒಂದು ಜಾಗ ಹಿಡೀರಿ. ಪ್ರತಿ ಐತಾರ ಹೊಸ ಊರು, ಹೊಸ ಕೋಟಿ ಅಂತ ಹೋದ್ರ ಜಾಗ ಹೊಸದು ಅನ್ನೋ ಖುಷೀನೇ ಫೋಟೋದ ಖುಷಿ ಅನಿಸಿಬಿಡ್ತದ. ನನಗ ಕಲಬುರಗಿ ಕೋಟಿ ಒಳಗಿನ ಜಾಮಿಯಾ ಮಸೀದಿ ಕಲಿಸಿದ್ದು ಭಾಳ ಅದ. 1367ರದ್ದು ಅದು, ಬ್ಯಾರೆ ಮಸೀದಿಗಳಂಗ ನಡುವ ಬಯಲು ಅಂಗಳ ಇಲ್ಲ, ಪೂರಾ ಮ್ಯಾಲ ಗುಮ್ಮಟಗಳ ಛತ್ತು, ಬೆಳಕು ಬರೋದೆಲ್ಲಾ ಬಾಜೂಕಿನ ಕಮಾನಿನಿಂದ. ಮೊದಲನೇ ಸಲ ಹೋದಾಗ ಎಲ್ಲಾರೂ ತಗಿಯೋದನ್ನೇ ನಾನೂ ತಗದೆ, ನಡುವ ನಿಂತು ಸಾಲು ಕಮಾನು, ಒಂದರೊಳಗ ಒಂದು, ಛಂದ ಕಾಣ್ತದ. ಎರಡನೇ ಸಲಾನೂ ಅದೇ. ಐದಾರು ಸಲ ಆದ ಮ್ಯಾಲ ಆ ಫೋಟೋ ತಗಿಲಾಕ ಬ್ಯಾಸರ ಬಂತು, ಬ್ಯಾಸರ ಬಂದ ಮ್ಯಾಲೇ ಕಣ್ಣು ಬ್ಯಾರೆ ಕಡಿ ಹೋಯ್ತು. ಚಳಿಗಾಲದ ಸಂಜಿಗೆ ಬಿಸಲು ಅಡ್ಡ ಬಿದ್ದು ಎಷ್ಟು ಒಳಗಿನ ಕಂಬದ ಬುಡಕ್ಕ ಮುಟ್ಟತದ, ಮಳಿಗಾಲದಾಗ ಮೋಡ ಹಾಕಿದಾಗ ಕಮಾನಿನ ಅಂಚು ಹೆಂಗ ಮೆತ್ತಗಾಗ್ತದ, ಕಾವಲಿನವ ಯಾವ ಕಂಬಕ್ಕ ಬೆನ್ನು ಹಚ್ಚಿ ಕೂಡ್ತಾನ, ಇವೆಲ್ಲಾ ಹತ್ತನೇ ಸಲಕ್ಕ ಕಂಡವು. ಇನ್ನೊಂದು ಲಾಭ, ಜಾಗ ಅದೇ ಇದ್ದಾಗ ನಿಮ್ಮ ಹೋದ ವರ್ಷದ ಫೋಟೋ ಈ ವರ್ಷದ ಫೋಟೋ ಬಾಜೂ ಬಾಜೂ ಇಟ್ಟು ನೋಡಬಹುದು, ಬದಲಾಗಿದ್ದು ನೀವೊಬ್ಬರೇ, ಸುಧಾರಣಿ ಆಯ್ತೋ ಇಲ್ಲೋ ಕಣ್ಣಿಗೇ ಕಾಣ್ತದ. (ಅಲ್ಲಿ ಟ್ರೈಪಾಡ್ ಇಡಬೇಕಂದ್ರ ಪುರಾತತ್ವ ಇಲಾಖೆ ಪರವಾನಿಗಿ ಬೇಕು, ಕೈಯಾಗೇ ಹಿಡದು ಐಎಸ್‌ಒ (ಕಮ್ಮಿ ಬೆಳಕಿನ್ಯಾಗೂ ಫೋಟೋ ಬರೋ ಹಂಗ ಏರಿಸೋ ಸೆಟ್ಟಿಂಗ್) 1600ಕ್ಕ ಏರಿಸ್ರಿ, ಸ್ವಲ್ಪ ಗ್ರೇನ್ ಬಂದ್ರ ಏನೂ ಆಗಂಗಿಲ್ಲ.) ನಿಮಗ ಇಷ್ಟು ದೂರ ಬರೋದು ಬ್ಯಾಡ, ನಿಮ್ಮ ಸಾಲಿ ಎದುರಿಗಿನ ಬಸ್‌ಸ್ಟ್ಯಾಂಡೇ ಸಾಕು, ಯಾಕ ಅನ್ನೋದು ಕಡೀಕ ಹೇಳ್ತೀನಿ.

ಆರಿಸೋ ಟೈಮಿಗೆ ನಾ ಮಾಡೋವು ಸಣ್ಣ ಸಣ್ಣ ಉಪಾಯ ಅವ. ಫೋಟೋ ತಲಿಕೆಳಗ ಮಾಡಿ ನೋಡ್ರಿ, ಮುಖ, ಗುಡಿ ಅನ್ನೋ ಅರ್ಥ ಹೋಗಿ ಬರೇ ಬೆಳಕು-ಕತ್ತಲದ ತೂಕ ಕಾಣ್ತದ, ಯಾವ ಮೂಲ್ಯಾಗ ಬ್ಯಾಡಾದ್ದು ಹೊಳ್ಯಾಕತ್ತದ ಅಂತ ತಿಳೀತದ. ಹೆಬ್ಬೆರಳ ಉಗುರಿನಷ್ಟು ಸಣ್ಣದು ಮಾಡಿ ನೋಡ್ರಿ, ಅಷ್ಟರಾಗೂ ಏನಂತ ತಿಳದ್ರ ಫೋಟೋದ ಜೋಡಣಿ ಗಟ್ಟಿ ಅದ. ಬಣ್ಣ ತಗದು ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡ್ರಿ, ಬಣ್ಣ ಹೋದ ಮ್ಯಾಲ ಫೋಟೋನೂ ಹೋಯ್ತಂದ್ರ ನೀವು ತಗದದ್ದು ಬರೇ ಬಣ್ಣ, ಕೆಲವೊಮ್ಮೆ ಅದೂ ನಡೀತದ. 300 ಇದ್ರ ಮೊದ್ಲ 30ಕ್ಕ ಇಳಸ್ರಿ, ಒಂದು ವಾರ ಬಿಟ್ಟು ಮೂರಕ್ಕ. ಒಂದೇ ಥರದವು ಎರಡು ಇದ್ರ ಒಂದನ್ನ ತಗೀಲೇಬೇಕು, ಕೈ ಬರಂಗಿಲ್ಲ, ಆದ್ರೂ ತಗೀರಿ, ಇದಕ್ಕಿಂತ ಅದು ಯಾಕ ಛಲೋ ಅಂತ ಒಂದು ಸಾಲಿನ್ಯಾಗ ಹೇಳಬೇಕಾಗ್ತದ ನೋಡ್ರಿ, ಆ ಸಾಲು ಹುಡುಕೋದ್ರಾಗ ಕಣ್ಣು ತಯಾರಾಗ್ತದ.

ಮತ್ತ ಪ್ರಿಂಟ್ ಹಾಕಸ್ರಿ. ಮೊಬೈಲ್‌ನ್ಯಾಗ ಬೆರಳಿಂದ ಸರಿಸಿ ನೋಡೋ ಫೋಟೋ ಎರಡು ಸೆಕೆಂಡ್ ನಿಂದ್ರತದ, ಎಲ್ಲಾವೂ ಛಲೋನೇ ಕಾಣ್ತಾವ. ಹನ್ನೆರಡು ಫೋಟೋ 6×8 ಇಂಚಿನ ಸೈಜಿನ್ಯಾಗ ಹಾಕಿಸಿ ಅಡಗಿ ಮನಿಯಿಂದ ಪಡಸಾಲಿಗೆ ಬರೋ ದಾರ್ಯಾಗ ಹಗ್ಗ ಕಟ್ಟಿ ಕ್ಲಿಪ್ ಹಚ್ಚಿ ತೂಗಿಬಿಡ್ರಿ. ದಿನಾ ಹಾದು ಹೋಗ್ರಿ. ಹದಿನೈದು ದಿನದಾಗ ಕೆಲವು ಕಣ್ಣಿಗೆ ಬೀಳೋದೇ ಬಿಡ್ತಾವ, ಅವನ್ನ ಇಳಸ್ರಿ. ಒಂದೆರಡರ ಮುಂದ ಕೈಯಾಗ ಚಾ ಕಪ್ ಹಿಡದು ಇನ್ನಾ ನಿಂದ್ರತೀರಿ, ಅವು ಉಳೀಲಿ. ಮನ್ಯಾಗಿನವ್ರು ಯಾವುದರ ಮುಂದ ನಿಂದ್ರತಾರ ಅನ್ನೋದನ್ನೂ ಬಾಯಿ ಬಿಡದೇ ನೋಡ್ರಿ.

ಕಾಂಪಿಟಿಷನ್ ಬಗ್ಗಿ ಬೇಜಾರ ಮಾಡ್ಕೋಬ್ಯಾಡ್ರಿ. ಅಲ್ಲಿ ಸಾವಿರಗಟ್ಲೆ ಫೋಟೋ ಬರ್ತಾವ, ಜಡ್ಜ್‌ಗಳು ಒಂದೊಂದನ್ನ ಕೆಲವೇ ಸೆಕೆಂಡ್ ನೋಡಿ ನಂಬರ್ ಒತ್ತತಾರ, ಒಮ್ಮಿಗೇ ಹೊಡೀಬೇಕು, ನಿಧಾನಕ್ಕ ತೆರಕೊಳ್ಳೋ ಫೋಟೋ ಅಲ್ಲಿ ನಿಂದ್ರೋದು ಕಷ್ಟ. ಹಂಗಂತ ಅವರು ತಪ್ಪು ಅಂತ ನಾ ಹೇಳಂಗಿಲ್ಲ, ಸೆಲೆಕ್ಟ್ ಆದ ಫೋಟೋಗಳ ಕ್ಯಾಟಲಾಗ್ ತರಿಸಿ ನೋಡ್ರಿ, ಫ್ರೇಮಿನ ಅಂಚು ಎಷ್ಟು ಸ್ವಚ್ಛ ಇಟ್ಟಿರ್ತಾರ ಅನ್ನೋದು ಕಲಿಲಾಕ ಅದಕ್ಕಿಂತ ಛಲೋ ಪಾಠ ಇಲ್ಲ. ವರ್ಷಕ್ಕ ಒಂದೆರಡು ಸಲ ಕಳಸ್ರಿ, ಸಾಕು.

ಈಗ ನಿಮ್ಮ ಹತ್ತನೇ ಫೋಟೋ. ನೀವು ಎಲ್ಲಾಕ್ಕಿಂತ ಕಡೀಕ ಇಟ್ಟದ್ದು, ಕೆಳಗ ಒಂದು ಅಕ್ಷರಾನೂ ಬರದಿಲ್ಲ. ಸಾಲಿ ಎದುರಿನ ಬಸ್‌ಸ್ಟ್ಯಾಂಡು, ಮಳಿ, ಬೆಂಚಿನ ಮ್ಯಾಲ ಏಳೆಂಟು ವರ್ಷದ ಹುಡುಗಿ, ತಾನು ತೊಯ್ಸ್‌ಕೊಂಡು ಕುಂತಾಳ, ಪಾಟೀಚೀಲ ಮಾತ್ರ ಲಂಗದೊಳಗ ಮುಚ್ಚಿಟ್ಕೊಂಡಾಳ, ಬಸ್ ಬರೋ ಕಡಿ ನೋಡ್ಲಾಕತ್ತಾಳ. ಮೋಡದ ಬೆಳಕು, ಮುಖದ ಮ್ಯಾಲ ನೆಳ್ಳಿಲ್ಲ, ಹಿಂದಿನ ಗ್ವಾಡಿ ಖಾಲಿ. ನಾ ಆ ಊರು ನೋಡಿಲ್ಲ, ಆ ಹುಡುಗಿ ಗೊತ್ತಿಲ್ಲ, ಅವತ್ತಿನ ಮಳಿ ಗೊತ್ತಿಲ್ಲ, ಆದ್ರೂ ಮೂರೂ ಸಲ ನಾ ಆ ಫೋಟೋದಾಗೇ ನಿಂತೆ. ನಿಮಗ ಅದು ದಿನಾ ಕಾಣೋದು, ನಸುಕಿನ್ಯಾಗ ಎದ್ದು ಗುಡ್ಡ ಹತ್ತಿ ತಗದದ್ದಲ್ಲ, ಅದಕ್ಕೇ ಹಿಂದ ಇಟ್ಟೀರಿ ಅನಸ್ತದ. ಒಂದೇ ಕೊರತಿ, ಎಡ ಪಾದ ಫ್ರೇಮಿನ್ಯಾಗ ಅರ್ಧ ಕಡದದ, ನೀವು ಒಂದು ಹೆಜ್ಜಿ ಹಿಂದ ಸರದಿದ್ರ ಪೂರಾ ಬರ್ತಿತ್ತು.

ಅವತ್ತು ಅಲ್ಲಿ ನಿಂತು ಇನ್ನಾ ನಾಕು ಸಲ ಒತ್ತೇ ಇರ್ತೀರಿ. ಆ ದಿನದ ಫೋಟೋ ಒಂದನ್ನೂ ಆರಿಸದೇ, ಡಿಲೀಟ್ ಮಾಡದೇ, ತಗದ ಕ್ರಮದಾಗೇ ಎಲ್ಲಾವೂ ಕಳಸ್ರಿ, ಪಾದ ಪೂರಾ ಇದ್ದದ್ದು ಅದರಾಗ ಅದನೇನ್ ನೋಡೋಣು. ಮತ್ತ ಆ ಹುಡುಗಿಗೂ ಅವರವ್ವಗೂ ಒಂದು ಪ್ರಿಂಟ್ ಕೊಟ್ಟು, ಎಲ್ಲ್ಯಾರೆ ಕಳಸಬಹುದೇನು ಅಂತ ಕೇಳಿ ಬರ್ರಿ.